ಅಡಿಕೆ ಬೆಳೆಗಾರರ ಚರ್ಚೆಯಿಂದ ಲೈಕ್ ಗುಂಡಿ ತೆಗೆದೆವು

ತೋಟದ ರೋಗಕ್ಕೆ ಒಬ್ಬರು ಕೊಟ್ಟ ಸಲಹೆಯ ಕೆಳಗೆ ಲೈಕ್ ಗುಂಡಿ ಇರಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ಅಡಿಕೆ ಬೆಳೆಗಾರರಿಗಾಗಿ ನಾವು ಕೆಲವರು ಸೇರಿ ಅಂತರ್ಜಾಲದಲ್ಲಿ ಒಂದು ಚರ್ಚಾ ವೇದಿಕೆ ನಡೆಸುತ್ತೇವೆ. ಅದರ ಅಡ್ಮಿನ್‌ಗಳಲ್ಲಿ ನಾನೂ ಒಬ್ಬಳು. ಗುಂಡಿ ಇದ್ದಾಗ ಏನಾಯಿತು, ಅದನ್ನು ಏಕೆ ತೆಗೆದೆವು, ತೆಗೆದ ಮೇಲೆ ಎದುರಾದ ತೊಡಕುಗಳೇನು, ಕೆಲವು ಕಡೆ ಮತ್ತೆ ಏಕೆ ತರಬೇಕಾಯಿತು ಎಂಬುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಹಾಲಿನ ಸಂಘದವರೋ ಕಾಫಿ ಬೆಳೆಗಾರರೋ ಪಾಲಕರ ಗುಂಪಿನವರೋ, ಇಂಥ ಜಾಗ ನಡೆಸುವವರು ಈಗ ಊರೂರಿನಲ್ಲೂ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಬಹುದು.

ನಮ್ಮದೂ ಮೊದಲು ವಾಟ್ಸಾಪ್ ಗುಂಪೇ. ಶಿರಸಿ, ಸಿದ್ದಾಪುರ, ಸಾಗರದ ಕಡೆಯವರು ಸೇರಿಕೊಂಡು ಶುರುವಾದದ್ದು. ತೀರ್ಥಹಳ್ಳಿ, ಕೊಪ್ಪ, ಸುಳ್ಯದವರೂ ಬಂದರು. ಆಗ ಒಂದು ಗುಂಪಿಗೆ 256 ಜನರ ಮಿತಿ ಇತ್ತು, ಅದು ಬೇಗ ತುಂಬಿತು. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಪ್ರತಿವರ್ಷ ಅದೇ ಪ್ರಶ್ನೆ: ಮದ್ದು ಹೊಡೆದು ಎರಡು ಗಂಟೆಗೆ ಮಳೆ ಬಂತು, ಮತ್ತೆ ಹೊಡೆಯಬೇಕೇ? ಹಿಂದಿನ ವರ್ಷ ಇದಕ್ಕೆ ಯಾರೋ ಒಳ್ಳೆಯ ಉತ್ತರ ಕೊಟ್ಟಿರುತ್ತಾರೆ. ಶುಭೋದಯದ ಚಿತ್ರಗಳ ಅಡಿಯಲ್ಲಿ ಅದನ್ನು ಹುಡುಕಿ ತೆಗೆಯುವುದು ಯಾರಿಗೂ ಆಗುತ್ತಿರಲಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಪೈಕಿಯ ಹುಡುಗನೊಬ್ಬ ಡಿಸ್ಕೋರ್ಸ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಕೊಟ್ಟ. ವಿಷಯಕ್ಕೊಂದು ಪುಟ, ಹಳೆಯದನ್ನು ಹುಡುಕುವ ಅನುಕೂಲ, ಪ್ರತಿ ಉತ್ತರದ ಕೆಳಗೂ ಒಂದು ಹೃದಯದ ಚಿಹ್ನೆ. ಅದನ್ನು ಮುಟ್ಟಿದರೆ ಲೈಕ್.

ಮೊದಮೊದಲು ಆ ಹೃದಯದ ಚಿಹ್ನೆಯ ಮೇಲೆ ನನಗೆ ತುಂಬ ವಿಶ್ವಾಸವಿತ್ತು, ಅದಕ್ಕೆ ಕಾರಣವೂ ಇತ್ತು. ವಾಟ್ಸಾಪ್‌ನಲ್ಲಿ ಸಂದೇಶಕ್ಕೆ ಚಿಹ್ನೆಯಿಂದ ಪ್ರತಿಕ್ರಿಯಿಸುವ ಸೌಲಭ್ಯ ಬಂದದ್ದು 2022ರ ಮೇ ತಿಂಗಳಲ್ಲಿ. ಅದಕ್ಕೂ ಮೊದಲು ಒಬ್ಬರು ಉಪಯುಕ್ತವಾದದ್ದನ್ನು ಬರೆದರೆ ಅದರ ಹಿಂದೆ ಸಾಲುಸಾಲಾಗಿ ‘ಧನ್ಯವಾದಗಳು’, ‘ಉತ್ತಮ ಮಾಹಿತಿ’, ಕೈಮುಗಿದ ಚಿತ್ರ. ಮೂಲ ಮಾತು ಮೇಲೆಲ್ಲೋ ಹೋಗಿಬಿಡುತ್ತಿತ್ತು. ಹೊಸ ವೇದಿಕೆಯಲ್ಲಿ ಆ ಕೃತಜ್ಞತೆಯೆಲ್ಲ ಸದ್ದಿಲ್ಲದೆ ಒಂದು ಸಂಖ್ಯೆಯಾಗಿ ಕೂತಿತು. ಪುಟ ಓದುವುದಕ್ಕೆ ಹಿತವಾಗಿತ್ತು. ಇನ್ನೊಂದು ಸಂಗತಿಯನ್ನು ಹೆಂಗಸಾಗಿ ನಾನು ಬೇಗ ಗಮನಿಸಿದೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಮೊಬೈಲ್ ಹಿಡಿಯುವ ಎಷ್ಟೋ ಹೆಣ್ಣುಮಕ್ಕಳು ಒಂದಕ್ಷರವನ್ನೂ ಬರೆಯದಿದ್ದರೂ ಲೈಕ್ ಒತ್ತುತ್ತಿದ್ದರು. ತಾವೂ ಅಲ್ಲಿದ್ದೇವೆ ಎಂದು ತಿಳಿಸಲು ಅವರಿಗಿದ್ದ ದಾರಿ ಅದೊಂದೇ.

ಆಮೇಲೆ ಎಲೆಚುಕ್ಕಿ ರೋಗದ ಚರ್ಚೆ ಬಂತು.

ಮಲೆನಾಡಿನ ಅಡಿಕೆ ತೋಟಗಳಲ್ಲಿ ಈಚಿನ ವರ್ಷಗಳಲ್ಲಿ ಈ ರೋಗ ಹಬ್ಬಿದ ಪರಿಯನ್ನು ಕಂಡವರಿಗೆ ಅದರ ಭಯ ಗೊತ್ತು. ಕೊಲೆಟೋಟ್ರೈಕಮ್ ಮೊದಲಾದ ಶಿಲೀಂಧ್ರಗಳಿಂದ ಬರುವ ರೋಗ. ಸೋಗೆಯ, ಅಂದರೆ ಅಡಿಕೆ ಗರಿಯ, ಮೇಲೆ ಕಂದು ಚುಕ್ಕಿ, ಸುತ್ತ ಹಳದಿ ಅಂಚು. ಚುಕ್ಕಿಗಳು ಕೂಡಿಕೊಂಡು ಸೋಗೆಯೇ ಸುಟ್ಟಂತೆ ಒಣಗುತ್ತದೆ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗ ಆ ವರ್ಷದ ಫಸಲನ್ನು ತಿನ್ನುತ್ತದೆ. ಎಲೆಚುಕ್ಕಿ ಮರದ ಶಕ್ತಿಯನ್ನೇ ತಿನ್ನುತ್ತದೆ. ಇಂಥ ಹೊತ್ತಿನಲ್ಲಿ ಒಬ್ಬ ಸದಸ್ಯರು ತಾವು ಮನೆಯಲ್ಲೇ ತಯಾರಿಸಿದ ದ್ರಾವಣವೊಂದರ ಬಗ್ಗೆ ಬರೆದರು. ಬರವಣಿಗೆ ಸೊಗಸಾಗಿತ್ತು, ಭರವಸೆ ತುಂಬುವಂತಿತ್ತು. ಜೊತೆಗೆ ಎರಡು ಫೋಟೋ: ಸಿಂಪಡಣೆಗೆ ಮೊದಲು ಚುಕ್ಕಿ ತುಂಬಿದ ಸೋಗೆ, ಸಿಂಪಡಿಸಿದ ಮೇಲೆ ಹಸಿರು ಸೋಗೆ. ಬರೆದವರು ಪ್ರಾಮಾಣಿಕರು, ಮಾರುವುದಕ್ಕೆ ಅವರ ಹತ್ತಿರ ಏನೂ ಇರಲಿಲ್ಲ. ಸಂಜೆಯೊಳಗೆ ಆ ಬರಹ ವೇದಿಕೆಯಲ್ಲಿ ಅದುವರೆಗೆ ಯಾವುದಕ್ಕೂ ಬಾರದಷ್ಟು ಲೈಕ್ ಪಡೆಯಿತು.

ಅದರ ಕೆಳಗೆ ಸಿದ್ದಾಪುರದ ಕಡೆಯ ಹಿರಿಯರೊಬ್ಬರು ಮೂರು ಸಾಲಿನ ಪ್ರಶ್ನೆ ಕೇಳಿದ್ದರು. ಮೊದಲ ಫೋಟೋ ಯಾವ ತಿಂಗಳಿನದು, ಎರಡನೆಯದು ಯಾವ ತಿಂಗಳಿನದು? ಎರಡೂ ಒಂದೇ ಮರದ್ದೇ? ಪಕ್ಕದ ಸಾಲಿನಲ್ಲಿ ಏನೂ ಸಿಂಪಡಿಸದೆ ಬಿಟ್ಟ ಮರಗಳಿವೆಯೇ?

ಈ ಮೂರು ಸಾಲಿನ ಬೆಲೆ ತೋಟ ಮಾಡುವವರಿಗೆ ತಿಳಿಯುತ್ತದೆ. ಎಲೆಚುಕ್ಕಿ ತೇವದ ರೋಗ. ಮಳೆ ಬಿಟ್ಟು ಬಿಸಿಲು ಬಲಿತರೆ ಅದರ ಆರ್ಭಟ ತಾನಾಗಿಯೇ ತಗ್ಗುತ್ತದೆ. ಅಡಿಕೆ ಮರ ವರ್ಷಕ್ಕೆ ಆರೇಳು ಹೊಸ ಸೋಗೆ ಬಿಡುತ್ತದೆ, ಕೆಳಗಿನ ರೋಗದ ಸೋಗೆಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಆಗಸ್ಟ್‌ನಲ್ಲಿ ಒಂದು ಫೋಟೋ, ಜನವರಿಯಲ್ಲಿ ಇನ್ನೊಂದು ಫೋಟೋ ತೆಗೆದರೆ, ನಡುವೆ ಬರೀ ನೀರು ಸಿಂಪಡಿಸಿದ್ದರೂ ಎರಡನೆಯದು ಹಸಿರಾಗಿಯೇ ಕಾಣಬಹುದು. ಹಿರಿಯರು ದ್ರಾವಣ ಕೆಲಸ ಮಾಡುವುದಿಲ್ಲ ಎಂದು ಹೇಳಿರಲಿಲ್ಲ. ಮಾಡುತ್ತದೆಯೋ ಇಲ್ಲವೋ ತಿಳಿಯಲು ಏನು ಬೇಕು ಎಂದು ಕೇಳಿದ್ದರು, ಅಷ್ಟೆ.

ಅವರ ಪ್ರಶ್ನೆಗೆ ಒಂದೂ ಲೈಕ್ ಬರಲಿಲ್ಲ. ಮೂಲ ಬರಹಗಾರರು ಉತ್ತರಿಸಲೂ ಇಲ್ಲ. ಅಷ್ಟೊಂದು ಜನ ಒಪ್ಪಿದ ಮೇಲೆ ಉತ್ತರಿಸುವ ಅಗತ್ಯ ಅವರಿಗೆ ಕಂಡಿರಲಿಕ್ಕಿಲ್ಲ. ಚರ್ಚೆ ಉದ್ದವಾದಾಗ ಮುಖ್ಯವಾದವನ್ನು ಮಾತ್ರ ಆರಿಸಿ ತೋರಿಸುವ ಸೌಲಭ್ಯವೊಂದು ತಂತ್ರಾಂಶದಲ್ಲಿದೆ. ಆ ಆಯ್ಕೆಯಲ್ಲಿ ಲೈಕ್‌ಗಳಿಗೆ ದೊಡ್ಡ ಪಾಲು. ಹಾಗಾಗಿ ತಡವಾಗಿ ಬಂದು ಅವಸರದಲ್ಲಿ ಓದಿದವರಿಗೆ ದ್ರಾವಣದ ಬರಹವೂ ಅದನ್ನು ಹೊಗಳಿದ ಉತ್ತರಗಳೂ ಕಂಡವು, ಹಿರಿಯರ ಪ್ರಶ್ನೆ ಕಾಣಲಿಲ್ಲ. ಕೊಪ್ಪದ ಕಡೆಯ ಒಬ್ಬರು ನನಗೆ ಫೋನ್ ಮಾಡಿ, “ಅತ್ತಿಗೆ, ಎಲ್ಲರೂ ಒಪ್ಪಿದ್ದಾರಲ್ಲ, ಈ ಸಲ ಬೇರೆ ಔಷಧಿ ಬಿಟ್ಟು ಇದನ್ನೇ ಹೊಡೆಸಲೇ?” ಎಂದು ಕೇಳಿದಾಗ ನನಗೆ ನಿಜವಾಗಿ ಗಾಬರಿಯಾಯಿತು. ಒಪ್ಪಿದ್ದಾರೆ ಎಂದು ಅವರು ತಿಳಿದ ಜನರಲ್ಲಿ ಆ ದ್ರಾವಣವನ್ನು ಮುಟ್ಟಿ ನೋಡಿದವರು ಎಷ್ಟು ಮಂದಿ? ಪಟ್ಟಿ ತೆರೆದು ನೋಡಿದೆ. ನನಗೆ ಪರಿಚಯವಿದ್ದ ಕೆಲವರಿಗೆ ಕರೆ ಮಾಡಿದೆ. ಒಬ್ಬರು ಓದಿದ್ದಕ್ಕೆ ಗುರುತಾಗಿ ಒತ್ತಿದ್ದರು. ಒಬ್ಬರು ಬರೆದವರು ಸಂಬಂಧಿಕರು ಎಂದು ಒತ್ತಿದ್ದರು. ಒಬ್ಬರು ಫೋಟೋ ಚೆನ್ನಾಗಿದೆ ಎಂದು. ಮತ್ತೊಬ್ಬರು, “ಇಷ್ಟು ಜನ ಒತ್ತಿದ್ದಾರೆಂದರೆ ಒಳ್ಳೆಯದೇ ಇರಬೇಕು ಅನ್ನಿಸಿತು” ಎಂದರು. ಮಾಡಿ ನೋಡಿದೆ ಎಂದವರು ನಾನು ಮಾತಾಡಿಸಿದವರಲ್ಲಿ ಯಾರೂ ಇರಲಿಲ್ಲ.

ಆ ಹಿರಿಯರು ಬರೆಯುವುದನ್ನು ನಿಲ್ಲಿಸಿದ್ದರು. ಒಂದು ದಿನ ಅವರ ಮನೆಗೇ ಹೋದೆ. ಅಂಗಳದಲ್ಲಿ ಅಡಿಕೆ ಹರವಿತ್ತು, ಅವರು ಸುಲಿಯುವ ಕತ್ತಿಯ ಮುಂದೆ ಕೂತವರ ಜೊತೆ ಮಾತಾಡುತ್ತಿದ್ದರು. ಚಹಾ ಬಂದ ಮೇಲೆ ವಿಷಯ ತೆಗೆದೆ. “ನನ್ನ ಮಾತು ಯಾರಿಗೂ ಬೇಕಾಗಲಿಲ್ಲ ತಂಗಿ. ಬೇಡದ ಕಡೆ ಬಾಯಿ ಹಾಕುವುದು ನನ್ನ ಸ್ವಭಾವವಲ್ಲ,” ಎಂದರು. ಕೋಪವಿರಲಿಲ್ಲ. ನಾಲ್ಕು ಜನ ಸೇರಿದಲ್ಲಿ ತನ್ನ ಮಾತಿಗೆ ಯಾರೂ ತಲೆಯಾಡಿಸದಿದ್ದರೆ ಎದ್ದು ಹೋಗುವುದು ಅವರ ತಲೆಮಾರಿನ ಮರ್ಯಾದೆ. ಅವರ ಉತ್ತರವನ್ನು ಬಹಳ ಜನ ಓದಿದ್ದಾರೆ ಎಂದು ನಾನು ಹೇಳಿದೆ. ಅದು ನಿಜವೂ ಆಗಿತ್ತು. ಆದರೆ ಪಕ್ಕದಲ್ಲೇ ಇನ್ನೊಂದು ಉತ್ತರದ ಕೆಳಗೆ ಸಂಖ್ಯೆ ಏರುತ್ತಿರುವಾಗ ಈ ಉತ್ತರದ ಕೆಳಗಿನ ಬರಿದು ಜಾಗವನ್ನು ಅವರು ತಿರಸ್ಕಾರವೆಂದಲ್ಲದೆ ಬೇರೇನೆಂದು ಓದಬೇಕಿತ್ತು? ಗುಂಡಿಯೇ ಇಲ್ಲದಿದ್ದರೆ ಆ ಮೌನಕ್ಕೆ ಯಾವ ಅರ್ಥವೂ ಬರುತ್ತಿರಲಿಲ್ಲ. ಲೈಕ್ ಬಾರದ ಮಾತಿಗೆ ಆಗುವ ಅನ್ಯಾಯ ಇದು. ಲೈಕ್ ಬಂದ ಮಾತಿನ ಬಗ್ಗೆ ಎಲ್ಲರೂ ಚರ್ಚಿಸುತ್ತಾರೆ, ಇದರ ಬಗ್ಗೆ ಮಾತೇ ಇಲ್ಲ.

ಮನೆಗೆ ಬಂದ ಮೇಲೆ ಈ ವಿಷಯವನ್ನು ಓದತೊಡಗಿದೆ. ಫೇಸ್‌ಬುಕ್ ತನ್ನ ಲೈಕ್ ಗುಂಡಿಯನ್ನು ತಂದದ್ದು 2009ರ ಫೆಬ್ರವರಿಯಲ್ಲಿ. ಹತ್ತು ವರ್ಷ ತುಂಬುವಷ್ಟರಲ್ಲಿ, 2019ರಲ್ಲಿ, ಇನ್‌ಸ್ಟಾಗ್ರಾಂ ಮೊದಲು ಕೆನಡಾದಲ್ಲಿ, ಅನಂತರ ಆಸ್ಟ್ರೇಲಿಯಾ, ಜಪಾನ್, ಬ್ರೆಜಿಲ್ ಮುಂತಾದ ಕಡೆ ಲೈಕ್ ಎಣಿಕೆಯನ್ನು ಮರೆಮಾಡಿ ನೋಡಿತು. 2021ರಲ್ಲಿ ಬೇಕಾದವರು ಮರೆಮಾಡಿಕೊಳ್ಳಲಿ ಎಂದು ಬಳಸುವವರಿಗೇ ಬಿಟ್ಟಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ ಎಂಬ ಮೂವರು ಸಂಶೋಧಕರು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ. ಜನ ಸುದ್ದಿಗಳನ್ನು ಹಂಚಿಕೊಂಡು ಚರ್ಚಿಸುವ ಒಂದು ತಾಣದಲ್ಲಿ ಐದು ತಿಂಗಳ ಕಾಲ ಒಂದು ಲಕ್ಷಕ್ಕೂ ಹೆಚ್ಚು ಅನಿಸಿಕೆಗಳ ಮೇಲೆ ಅದನ್ನು ನಡೆಸಿದ್ದರು. ಹೊಸ ಅನಿಸಿಕೆಗಳಲ್ಲಿ ಕೆಲವನ್ನು ಕಣ್ಣುಮುಚ್ಚಿ ಆರಿಸಿ, ಅವಕ್ಕೆ ಒಂದೇ ಒಂದು ಕೃತಕ ಮೆಚ್ಚುಗೆ ಹಾಕಿದರು. ಅಂಥ ಅನಿಸಿಕೆಯನ್ನು ನೋಡಿದ ಮೊದಲ ಓದುಗ ಅದನ್ನು ಮೆಚ್ಚುವ ಸಂಭವ ಶೇ. 32ರಷ್ಟು ಹೆಚ್ಚಿತು. ಕೊನೆಗೆ ಅವುಗಳ ಸರಾಸರಿ ಅಂಕ ಉಳಿದವುಗಳಿಗಿಂತ ಶೇ. 25ರಷ್ಟು ಮೇಲಿತ್ತು. ಕೆಲವಕ್ಕೆ ಕೃತಕವಾಗಿ ಅಸಮ್ಮತಿಯನ್ನೂ ಹಾಕಿದ್ದರು. ಅದನ್ನು ಮಾತ್ರ ಓದುಗರು ತಾವಾಗಿಯೇ ಸರಿಪಡಿಸಿದರು. ಅನ್ಯಾಯವಾಗಿ ತೆಗಳಿದರೆ ಜನ ಸರಿಪಡಿಸುತ್ತಾರೆ, ಅನ್ಯಾಯವಾಗಿ ಹೊಗಳಿದರೆ ಜೊತೆಗೂಡುತ್ತಾರೆ. “ಇಷ್ಟು ಜನ ಒತ್ತಿದ್ದಾರೆಂದರೆ ಒಳ್ಳೆಯದೇ ಇರಬೇಕು” ಎಂದು ನನಗೆ ಫೋನಿನಲ್ಲಿ ಹೇಳಿದವರು ಹೇಳಿದ್ದೂ ಇದನ್ನೇ.

ಅಡ್ಮಿನ್‌ಗಳ ನಡುವೆ ಚರ್ಚೆ ಹಲವು ವಾರ ನಡೆಯಿತು. ಬೆಂಗಳೂರಿನ ಹುಡುಗ ಸಂಖ್ಯೆಯನ್ನು ಮಾತ್ರ ಮರೆಮಾಡೋಣ, ಗುಂಡಿ ಇರಲಿ ಎಂದ. ಆದರೆ ಉತ್ತರಗಳ ಆಯ್ಕೆ ಒಳಗೊಳಗೇ ಆ ಸಂಖ್ಯೆಯನ್ನೇ ನಂಬಿ ನಡೆಯುತ್ತದೆ. ಓದುಗರಿಗೆ ಕಾಣದ ತೂಕ ಕಾಣುವ ತೂಕಕ್ಕಿಂತ ಕೆಟ್ಟದ್ದು. ಕೃಷಿ ಇಲಾಖೆಯಿಂದ ನಿವೃತ್ತರಾದ ಹಿರಿಯ ಅಡ್ಮಿನ್ ಅಸಮ್ಮತಿಯ ಗುಂಡಿಯನ್ನೂ ಇಡೋಣ ಎಂದರು. ಅದನ್ನು ನಾನು ಬಲವಾಗಿ ವಿರೋಧಿಸಿದೆ. ಮದುವೆ, ಉಪನಯನ, ಸೊಸೈಟಿ ಸಭೆ ಎಂದು ತಿಂಗಳಿಗೊಮ್ಮೆ ಮುಖಾಮುಖಿಯಾಗುವ ಜನ ನಾವು. ಯಾರು ಯಾರನ್ನು ತಿರಸ್ಕರಿಸಿದರು ಎಂಬ ಪಟ್ಟಿ ನಮ್ಮಲ್ಲಿ ಚರ್ಚೆಯನ್ನಲ್ಲ, ಸಂಬಂಧವನ್ನು ಕೆಡಿಸುತ್ತದೆ. ಭಿನ್ನಾಭಿಪ್ರಾಯ ಇದ್ದವರು ಹಿರಿಯರ ಹಾಗೆ ಮೂರು ಸಾಲು ಬರೆಯಲಿ.

ಕೊಳೆರೋಗಕ್ಕೆ ಹೊಡೆಯುವ ಮದ್ದಾದ ಬೋರ್ಡೋ ದ್ರಾವಣದ ಉದಾಹರಣೆಯನ್ನು ನಾನು ಪದೇಪದೇ ಮುಂದಿಟ್ಟೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ಬರೆದರು. ಆ ಕಾಲದಿಂದ ಇಂದಿನವರೆಗೆ ನಾವು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನು ಬಿಟ್ಟಿಲ್ಲ. ಎರಡನ್ನೂ ಬೇರೆಬೇರೆ ಕರಗಿಸಬೇಕು, ಕಬ್ಬಿಣದ ಪಾತ್ರೆ ಬಳಸಬಾರದು, ಉಜ್ಜಿದ ಚೂರಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು: ಇದೆಲ್ಲ ಮರ ಹತ್ತಿ ಮದ್ದು ಹೊಡೆದು, ಕೊನೆ ಅಂದರೆ ಅಡಿಕೆ ಗೊಂಚಲು ಕೊಯ್ಯುವ ಕೊನೆಗಾರರ ಬಾಯಲ್ಲೂ ಇದೆ. ಮದ್ದು ಹೊಡೆದ ಕೊನೆ, ಹೊಡೆಯದೆ ಬಿಟ್ಟ ಕೊನೆ ಎರಡನ್ನೂ ಒಂದೇ ಮಳೆಯಲ್ಲಿ ನೋಡಿದವರು ಮುಂದಿನವರಿಗೆ ಹೇಳಿದ್ದರಿಂದ ಅದು ಉಳಿದಿದೆ. ನಮ್ಮ ವೇದಿಕೆಯಲ್ಲಿ ಬೇಕಾದದ್ದು ಅಂಥ ಹೇಳಿಕೆ. ನಾನೂ ಮಾಡಿದೆ, ಇಂಥ ಊರಲ್ಲಿ ಮಾಡಿದೆ, ಇಂಥ ತಿಂಗಳಲ್ಲಿ ಮಾಡಿದೆ, ಹೀಗಾಯಿತು ಎನ್ನುವುದು ಒಂದು ಸಾಕ್ಷಿ. ಅದನ್ನೂ ‘ಓದಿದೆ’, ‘ಸಂತೋಷವಾಯಿತು’, ‘ನಮ್ಮವರು ಬರೆದದ್ದು’ ಎಂಬುದನ್ನೂ ಒಂದೇ ಸಂಖ್ಯೆಯಲ್ಲಿ ಕೂಡಿಸಿದರೆ ಸಾಕ್ಷಿ ಕಳೆದುಹೋಗುತ್ತದೆ.

ಕೊನೆಗೆ ಎಲ್ಲರೂ ಒಪ್ಪಿದರು. ತೆಗೆಯುವ ಕೆಲಸ ನೋಡಲು ಸುಲಭ: ಉತ್ತರದ ಕೆಳಗೆ ಯಾವ ಯಾವ ಗುಂಡಿ ಕಾಣಬೇಕೆಂಬ ಪಟ್ಟಿ ಅಡ್ಮಿನ್ ಪುಟದಲ್ಲಿದೆ, ಅದರಿಂದ ಲೈಕ್ ಅಳಿಸಿದರೆ ಆಯಿತು. ಆದರೆ ಡಿಸ್ಕೋರ್ಸ್‌ನಲ್ಲಿ ಸದಸ್ಯರಿಗೆ ವಿಶ್ವಾಸದ ಮಟ್ಟಗಳಿವೆ. ಹೊಸಬರು ಓದುತ್ತ ಬರೆಯುತ್ತ ಮೇಲೇರಿದಂತೆ ಅವರಿಗೆ ಹೆಚ್ಚು ಅವಕಾಶ ಸಿಗುತ್ತದೆ. ಎರಡನೆಯ ಮಟ್ಟಕ್ಕೆ ಏರಲು ಕನಿಷ್ಠ ಒಂದು ಲೈಕ್ ಕೊಟ್ಟಿರಬೇಕು, ಒಂದನ್ನು ಪಡೆದಿರಬೇಕು. ಗುಂಡಿ ಹೋದ ಮೇಲೆ ಸೇರಿದವರು ಮೊದಲ ಮಟ್ಟದಲ್ಲೇ ನಿಂತುಬಿಟ್ಟರು. ಆ ಎರಡು ನಿಯಮಗಳನ್ನು ಹುಡುಕಿ ಸೊನ್ನೆಗೆ ಇಳಿಸಿದೆವು. ಹತ್ತು ಲೈಕ್‌ಗೊಂದು, ಇಪ್ಪತ್ತೈದಕ್ಕೊಂದು, ಐವತ್ತಕ್ಕೊಂದು ಎಂದು ಸಿಗುವ ಬಿರುದುಗಳನ್ನೂ ನಿಲ್ಲಿಸಿದೆವು. ಇಂಥ ಬದಲಾವಣೆ ಮಾಡಹೊರಟವರು ಇದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಲೈಕ್ ಎಂಬುದು ಇಡೀ ವ್ಯವಸ್ಥೆಯೊಳಗೆ ಬೇರು ಬಿಟ್ಟಿರುತ್ತದೆ.

ಜನರ ಪ್ರತಿಕ್ರಿಯೆ ಬೆರಕೆಯಾಗಿತ್ತು. ‘ಧನ್ಯವಾದಗಳು’ ಎಂಬ ಒಂಟಿ ಪದದ ಉತ್ತರಗಳು ಮತ್ತೆ ಸುರಿದವು. ಅವನ್ನು ಅಳಿಸುವುದು ಒರಟುತನ ಅನ್ನಿಸಿ, ರೋಗದ ವಿಭಾಗದ ಮೇಲುಗಡೆ ಒಂದು ಸೂಚನೆ ಅಂಟಿಸಿದೆವು: ಸಲಹೆ ಉಪಯೋಗವಾಯಿತೇ? ನಿಮ್ಮ ಊರು, ತೋಟದ ವಯಸ್ಸು, ಮಾಡಿದ ತಿಂಗಳು, ಕಂಡ ಫಲ, ಇಷ್ಟನ್ನು ಬರೆಯಿರಿ; ಅದೇ ಧನ್ಯವಾದ. ಟೈಪ್ ಮಾಡಲು ಕಷ್ಟವಾದವರು ಮಾತಿನಲ್ಲಿ ಹೇಳಿ ಧ್ವನಿಮುದ್ರಣ ಕಳಿಸಲಿ, ನಾವು ಬರೆದು ಹಾಕುತ್ತೇವೆ ಎಂದೂ ಸೇರಿಸಿದೆವು. ಈ ಕೊನೆಯ ಸಾಲಿಗೆ ನಾನು ಹಟ ಹಿಡಿದಿದ್ದೆ. ಬರೆಯದೆ ಲೈಕ್ ಮಾತ್ರ ಒತ್ತುತ್ತಿದ್ದ ಹೆಣ್ಣುಮಕ್ಕಳು ನನ್ನ ಮನಸ್ಸಿನಲ್ಲಿದ್ದರು. ಗುಂಡಿ ತೆಗೆದು ಅವರ ಇರುವಿಕೆಯನ್ನೇ ಅಳಿಸಿದರೆ ನಾವು ಒಂದು ಅನ್ಯಾಯದ ಬದಲಿಗೆ ಇನ್ನೊಂದನ್ನು ತಂದಂತೆ. ಧ್ವನಿಯಲ್ಲಿ ಬಂದ ಮೊದಲ ಅನುಭವ ಸಾಗರದ ಕಡೆಯ ಒಬ್ಬ ಮಹಿಳೆಯದು. ಮದ್ದಿನ ಜೊತೆ ಅಂಟಿಗಾಗಿ ಬೆರೆಸುವ ರಾಳದ ಬಗ್ಗೆ, ಅದನ್ನು ಯಾವ ಹದಕ್ಕೆ ಕಾಯಿಸಬೇಕೆಂಬುದರ ಬಗ್ಗೆ ಅವರು ಹೇಳಿದ್ದನ್ನು ಅಷ್ಟು ಸ್ಪಷ್ಟವಾಗಿ ಯಾವ ಗಂಡಸೂ ನಮ್ಮಲ್ಲಿ ಬರೆದಿರಲಿಲ್ಲ. ಹೊಡೆಯುವವರು ಕೊನೆಗಾರರಾದರೂ ಒಲೆಯ ಮುಂದೆ ರಾಳ ಕಾಯಿಸುತ್ತ ಬಂದದ್ದು ಅವರೇ. ಆದರೂ ಮೊದಲಿದ್ದ ಎಲ್ಲರೂ ಹೀಗೆ ಮುಂದೆ ಬರಲಿಲ್ಲ, ಕೆಲವರು ಪೂರ್ತಿ ಮೌನವಾದರು. ಅದು ನನಗೆ ಈಗಲೂ ನೋವಿನ ವಿಷಯ.

ಇನ್ನೊಂದು ಕಡೆಯಿಂದಲೂ ಒತ್ತಾಯ ಬಂತು. ವೇದಿಕೆಯಲ್ಲಿ ಊರಿನ ಸುಖದುಃಖಕ್ಕೆಂದು ಒಂದು ವಿಭಾಗವಿದೆ. ಮಗಳಿಗೆ ಕೆಲಸ ಸಿಕ್ಕಿತು, ಹಸು ಕರು ಹಾಕಿತು, ಮರದಿಂದ ಬಿದ್ದ ಕೊನೆಗಾರನ ಆಸ್ಪತ್ರೆ ಖರ್ಚಿಗೆ ಸಹಾಯ ಬೇಕು, ಹಿರಿಯರೊಬ್ಬರು ತೀರಿಕೊಂಡರು. ಅಲ್ಲಿ ಗುಂಡಿ ಇಲ್ಲದ್ದು ಜನರಿಗೆ ಬಹಳ ಕೊರತೆಯಾಗಿ ಕಂಡಿತು. ಅವರು ಹೇಳಿದ್ದು ಸರಿ. ಸಾವಿನ ಸುದ್ದಿಯ ಕೆಳಗೆ ಎಲ್ಲರೂ ವಾಕ್ಯ ರಚಿಸಬೇಕಾಗಿಲ್ಲ. ಹೆಗಲ ಮೇಲೆ ಕೈಯಿಟ್ಟಷ್ಟೇ ಆದರೂ ಅದಕ್ಕೆ ಬೆಲೆಯಿದೆ. ಅಲ್ಲಿ ಎಣಿಕೆಯಿಂದ ಯಾರ ತೋಟವೂ ಹಾಳಾಗುವುದಿಲ್ಲ. ವಿಭಾಗಕ್ಕೊಂದು ರೀತಿ ಲೈಕ್ ಇಡುವ ನೇರ ಆಯ್ಕೆ ನಮಗೆ ಸಿಗಲಿಲ್ಲ. ಬೆಂಗಳೂರಿನ ಹುಡುಗ ಗುಂಡಿಯನ್ನು ಇಡೀ ತಾಣಕ್ಕೆ ಮರಳಿ ತಂದು, ರೋಗ, ಔಷಧಿ ಮತ್ತು ಗೊಬ್ಬರದ ವಿಭಾಗಗಳ ಪುಟವಿನ್ಯಾಸದಲ್ಲಿ ಮಾತ್ರ ಅದನ್ನು ಮರೆಮಾಡುವ ಸಾಲೊಂದನ್ನು ಸೇರಿಸಿದ. ಆ ಮೂರು ವಿಭಾಗಗಳಲ್ಲಿ ಇದ್ದ ಹಳೆಯ ಎಣಿಕೆಯೂ ಈಗ ಯಾರಿಗೂ ಕಾಣುವುದಿಲ್ಲ.

ದ್ರಾವಣದ ಬರಹಕ್ಕೆ ನಾನೇ ಹೊಸ ಉತ್ತರ ಬರೆದು, ಹಿರಿಯರ ಮೂರು ಪ್ರಶ್ನೆಗಳನ್ನು ಅವರ ಅನುಮತಿ ಪಡೆದು ಮತ್ತೆ ಮುಂದಿಟ್ಟೆ. ಬರೆದವರು ಈ ಸಲ ಉತ್ತರಿಸಿದರು: ಮೊದಲ ಫೋಟೋ ಸೆಪ್ಟೆಂಬರಿನದು, ಎರಡನೆಯದು ಸಂಕ್ರಾಂತಿಯ ಹೊತ್ತಿನದು, ಸಿಂಪಡಿಸದೆ ಬಿಟ್ಟ ಮರಗಳಿಲ್ಲ. ಅವರೇ ಮುಂದಾಗಿ ಮುಂದಿನ ಮಳೆಗಾಲದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹೊಡೆದು ನೋಡುತ್ತೇನೆಂದರು. ತೀರ್ಥಹಳ್ಳಿಯ ಒಬ್ಬರೂ ತಮ್ಮ ತೋಟದಲ್ಲಿ ಹಾಗೆಯೇ ಮಾಡಲು ಒಪ್ಪಿದ್ದಾರೆ. ಸಿದ್ದಾಪುರದ ಹಿರಿಯರು ಆಗೀಗ ಬರೆಯುತ್ತಾರೆ, ಹೆಚ್ಚಾಗಿ ಪ್ರಶ್ನೆಗಳನ್ನೇ.

ಈಗ ನಮ್ಮ ಮುಂದಿರುವುದು ಇನ್ನೊಂದು ಗುಂಡಿಯ ವಿಷಯ. ಪ್ರಶ್ನೆ ಕೇಳಿದವರೇ ಒಂದು ಉತ್ತರವನ್ನು ಆರಿಸಿ ‘ಪರಿಹಾರ ಸಿಕ್ಕಿತು’ ಎಂದು ಹಸಿರು ಗುರುತು ಹಾಕುವ ಸೌಲಭ್ಯವೂ ಈ ತಂತ್ರಾಂಶಕ್ಕೆ ಸೇರಿಸಬಹುದಾದ್ದು. ಇದು ಗುಂಪಿನ ಮೆಚ್ಚುಗೆಯಲ್ಲ, ಕಷ್ಟ ಅನುಭವಿಸಿದ ಒಬ್ಬರ ಮಾತು. ಆ ಕಾರಣಕ್ಕೆ ನನಗೆ ಇದು ಇಷ್ಟ. ಆದರೆ ಜನ ಉತ್ತರ ಓದಿದ ದಿನವೇ ಗುರುತು ಹಾಕಿಬಿಡುತ್ತಾರೆ. ಆರಿದ್ರಾ ಮಳೆಯಲ್ಲಿ ಕೊಟ್ಟ ಸಲಹೆ ಫಲಿಸಿತೋ ಇಲ್ಲವೋ ತಿಳಿಯುವುದು ಕೊನೆ ಕೊಯ್ಯುವಾಗ. ಆದ್ದರಿಂದ ರೋಗದ ವಿಭಾಗದಲ್ಲಿ ಆ ಗುರುತನ್ನು ದೀಪಾವಳಿಯವರೆಗೆ ಮುಚ್ಚಿಟ್ಟು, ಕೊಯ್ಲು ಶುರುವಾದ ಮೇಲೆ ಪ್ರಶ್ನೆ ಕೇಳಿದವರಿಗೆಲ್ಲ ಒಂದು ಸಂದೇಶ ಕಳಿಸಿ, ಆಗ ಮಾತ್ರ ಹಾಕಲು ಬಿಡೋಣ ಎಂದು ನಾನು ಸೂಚಿಸಿದ್ದೇನೆ. ಇಲಾಖೆಯಿಂದ ನಿವೃತ್ತರಾದವರು ಒಪ್ಪಿದ್ದಾರೆ. ಅದನ್ನು ತಾನಾಗಿಯೇ ನಡೆಯುವಂತೆ ಮಾಡಲು ಸಾಧ್ಯವೇ ಎಂದು ಬೆಂಗಳೂರಿನ ಹುಡುಗ ನೋಡುತ್ತಿದ್ದಾನೆ. ಆಗದಿದ್ದರೆ ಈ ವರ್ಷ ಆ ಸಂದೇಶಗಳನ್ನು ನಾನೇ ಒಂದೊಂದಾಗಿ ಕಳಿಸುತ್ತೇನೆ.